ಛತ್ರವನ್ನು ಎತ್ತಿ ನಿಲ್ಲಿಸಿದ ಬೇಸಿಗೆ

ಡಾಕ್ಟರಮ್ಮ ನಮ್ಮ ಶಾಲೆಗೆ ಬಂದದ್ದು ಒಂದು ಶನಿವಾರ, ಬೆಳಗಿನ ತರಗತಿಗಳು ಮುಗಿದು ಹುಡುಗಿಯರು ಮನೆಗೆ ಹೊರಟಿದ್ದ ಹೊತ್ತಿನಲ್ಲಿ. ಕೈಯಲ್ಲಿ ಕೊಡೆ, ಕಾಲಲ್ಲಿ ಗಂಡಸರು ಮೆಟ್ಟುವಂಥ ದಪ್ಪ ಚಪ್ಪಲಿ. ಸರ್ಕಾರಿ ಆಸ್ಪತ್ರೆಯ ಕೆಲಸದಿಂದ ನಿವೃತ್ತರಾಗಿದ್ದರೂ ಊರಿಗೆಲ್ಲ ಅವರು ಡಾಕ್ಟರಮ್ಮನೇ. ನಮ್ಮ ಪಟ್ಟಣದಲ್ಲಿ ಮೀಸೆ ತಿರುವಿಕೊಂಡು ಓಡಾಡುವವರಲ್ಲಿ ಎಷ್ಟೋ ಜನರನ್ನು ಮೊದಲು ತಲೆಕೆಳಗಾಗಿ ಹಿಡಿದು ಅಳಿಸಿದವರು ಅವರೇ. ಅವರ ಎದುರಿಗೆ ಯಾರೂ ಗಟ್ಟಿಯಾಗಿ ಮಾತಾಡುತ್ತಿರಲಿಲ್ಲ.

"ಡ್ರಾಯಿಂಗ್ ಹೇಳಿಕೊಡೋಳು ನೀನೇ ಅಲ್ವೇನೇ?" ಎಂದು ಕೇಳಿದರು.

ಹೌದು ಎಂದೆ.

"ಹೂವು, ನವಿಲು ನನಗೆ ಬೇಡ. ಅಳತೆ ಹಿಡಿದು ಒಂದು ಕಟ್ಟಡ ಬರೆಯೋಕೆ ಬರುತ್ತಾ?"

"ಬರುತ್ತೆ" ಎಂದೆ. ಮೈಸೂರಿನಲ್ಲಿ ಚಿತ್ರಕಲೆ ಕಲಿಯುವಾಗ ನನಗೆ ಹೆಚ್ಚು ಇಷ್ಟವಾಗಿದ್ದೇ ಸ್ಕೇಲು ಹಿಡಿದು ಗೆರೆ ಎಳೆಯುವ ಕೆಲಸ. ಕೈಗೆ ಒಗ್ಗಿದ ಕೆಲಸದಲ್ಲಿ ಅನುಮಾನ ಇಟ್ಟುಕೊಂಡು ಮಾತಾಡುವುದು ಆ ವಯಸ್ಸಿನಲ್ಲಿ ನನಗೆ ಗೊತ್ತಿರಲಿಲ್ಲ. ಈಗಲೂ ಅಷ್ಟಾಗಿ ಗೊತ್ತಿಲ್ಲ.

"ಹಾಗಿದ್ರೆ ನೀನು ನಮ್ಮ ಸಂಘದವಳು" ಎಂದು ಹೇಳಿ ಡಾಕ್ಟರಮ್ಮ ಕೊಡೆ ಬಿಚ್ಚಿಕೊಂಡು ಬಿಸಿಲಿಗಿಳಿದರು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿದ್ದ ಕಾಲ ಅದು. ನಾನು ಕಂದಿಕೆರೆ ಕಡೆಯವಳು. ಮದುವೆಯಾಗಿ ಈ ಪಟ್ಟಣದ ಕೊಬ್ಬರಿ ವ್ಯಾಪಾರದ ಮನೆಗೆ ಬಂದಿದ್ದೆ. ಸೊಸೆ ಹೊರಗೆ ದುಡಿಯುವುದು ಆಗ ನಮ್ಮ ಬೀದಿಗೆ ಹೊಸದು. ಆದರೆ ನಮ್ಮ ಮಾವ, "ಹೆಣ್ಮಕ್ಳ ಸ್ಕೂಲ್ ತಾನೆ, ಹೋಗ್ಲಿ ಬುಡು" ಎಂದು ಒಂದೇ ಮಾತಿನಲ್ಲಿ ಅದನ್ನು ಮುಗಿಸಿಬಿಟ್ಟಿದ್ದರು.

ಸಂಘ ಎಂದರೆ ದೊಡ್ಡದೇನಲ್ಲ. ಊರಿನ ಹಳೆಯ ಕಟ್ಟಡಗಳು ಒಂದೊಂದಾಗಿ ನೆಲಕ್ಕೆ ಬೀಳುವುದನ್ನು ನೋಡಲಾರದ ಏಳೆಂಟು ಜನ ಡಾಕ್ಟರಮ್ಮನ ಮನೆಯ ಜಗಲಿಯಲ್ಲಿ ಭಾನುವಾರ ಸಂಜೆ ಸೇರುತ್ತಿದ್ದರು. ನಾನು ಸೇರುವ ಮುಂಚೆ ಅವರು ಒಂದು ಮನೆಯನ್ನು ಉಳಿಸಲು ಹೋಗಿ ಸೋತಿದ್ದರು. ಪೇಟೆ ಬೀದಿಯ ತಿರುವಿನಲ್ಲಿದ್ದ ಎರಡು ಅಂತಸ್ತಿನ ಮನೆ ಅದು. ಅದರ ಬಾಗಿಲುವಾಡದ ಮೇಲೆ ಸಾಲಾಗಿ ಗಿಳಿಗಳನ್ನು ಕೆತ್ತಿದ್ದರಂತೆ. ಸಂಘದವರು ಮನೆಯ ಯಜಮಾನರನ್ನು ಕಾಣಲು ಹೋದ ದಿನ ಆ ಬಾಗಿಲುವಾಡ ಆಗಲೇ ಲಾರಿ ಹತ್ತಿ ಬೆಂಗಳೂರಿನ ದಾರಿ ಹಿಡಿದಿತ್ತು.

"ಉಸಿರು ನಿಂತ ಮೇಲೆ ಮನೆಗೆ ಬಂದ ಡಾಕ್ಟರ್ ಥರ ಆಯ್ತು ನಮ್ಮ ಕೆಲಸ. ಇನ್ಮೇಲೆ ಜ್ವರ ಬಂದಾಗ್ಲೇ ಹೋಗ್ಬೇಕು" ಎಂದು ಡಾಕ್ಟರಮ್ಮ ನನ್ನ ಮೊದಲ ಭಾನುವಾರದ ಸಭೆಯಲ್ಲಿ ಹೇಳಿದರು.

ಜ್ವರ ಬಂದಿದ್ದದ್ದು ಛತ್ರಕ್ಕೆ.

ನಮ್ಮೂರಿನ ಛತ್ರ ಆಸ್ಪತ್ರೆಯ ಎದುರಿಗೇ ಇತ್ತು. ಯಾರೋ ಹಿಂದಿನ ಕಾಲದ ವ್ಯಾಪಾರಿ ದಾರಿಹೋಕರಿಗಾಗಿ ಕಟ್ಟಿಸಿ ಊರಿಗೆ ಬಿಟ್ಟುಕೊಟ್ಟದ್ದು. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಅದರ ಸುತ್ತ ಮರದ ಕಂಬಗಳ ಪಡಸಾಲೆ, ಮೇಲೆ ಅಟ್ಟ, ಅದರ ಮೇಲೆ ನಾಡಹಂಚು. ಕಂಬಗಳು ಎರಡು ತೋಳು ಸೇರಿಸಿ ತಬ್ಬಿಕೊಳ್ಳುವಷ್ಟು ದಪ್ಪ. ಬಸ್ಸುಗಳು ಹೆಚ್ಚಾದ ಮೇಲೆ ಅಲ್ಲಿ ತಂಗುವವರು ಕಡಿಮೆಯಾಗಿ, ಅದು ಪುರಸಭೆಯ ಬೇಡದ ಸಾಮಾನು ತುಂಬುವ ಜಾಗವಾಗಿತ್ತು. ಈಗ ಅದನ್ನು ಕೆಡವಿ ಅಂಗಡಿಗಳ ಕಾಂಪ್ಲೆಕ್ಸ್ ಕಟ್ಟುವ ಮಾತು ನಡೆಯುತ್ತಿತ್ತು.

ಡಾಕ್ಟರಮ್ಮನಿಗೆ ಛತ್ರ ಬೇಕಾಗಿದ್ದದ್ದು ಅದರ ಅಂದಕ್ಕಾಗಿ ಮಾತ್ರ ಅಲ್ಲ. ಹೆರಿಗೆಗೆ ಬಂದ ಹೆಂಗಸರ ಕಡೆಯವರು ಆಸ್ಪತ್ರೆಯ ಗೋಡೆಯ ಪಕ್ಕ, ಚರಂಡಿಯ ಅಂಚಿನಲ್ಲಿ ಮೂರು ಕಲ್ಲು ಹೂಡಿ ಅಡುಗೆ ಮಾಡಿಕೊಳ್ಳುವುದನ್ನು ಅವರು ಕೆಲಸದ ಕಾಲವೆಲ್ಲ ನೋಡಿದ್ದರು. "ಎದುರಿಗೆ ಅಷ್ಟು ದೊಡ್ಡ ಮನೆ ಬೀಗ ಹಾಕ್ಕೊಂಡು ಕೂತಿದೆ. ಈ ಜನ ಬಿಸಿಲಲ್ಲಿ ಕೂತಿದಾರೆ. ಅದನ್ನ ಕೆಡವಿ ಬಟ್ಟೆ ಅಂಗಡಿ ಇಡ್ತಾರಂತೆ" ಎಂದರು.

ಅವರ ಬಲಗೈಯಂತೆ ಇದ್ದವರು ಹುಳಿಯಾರು ರಸ್ತೆಯಲ್ಲಿ ಲಾರಿ ಗ್ಯಾರೇಜು ಇಟ್ಟಿದ್ದ ಸಾಬರು. ಅವರ ತಂದೆ ಕೆಲಸ ಹುಡುಕಿಕೊಂಡು ಮೊದಲ ಬಾರಿ ಈ ಊರಿಗೆ ಬಂದಾಗ ಬಾಡಿಗೆ ಮನೆ ಸಿಗುವ ತನಕ ಸಂಸಾರವೆಲ್ಲ ಇದ್ದದ್ದು ಛತ್ರದಲ್ಲೇ. "ನಮ್ದು ಈ ಊರಲ್ಲಿ ಮೊದಲ್ನೇ ಮನೆ ಅದು, ಟೀಚರಮ್ಮ" ಎಂದು ನನಗೆ ಪರಿಚಯ ಹೇಳಿಕೊಂಡರು.

ಆ ದಿನವೇ ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ವಿಷಯ ಎದ್ದಿತು. ಎತ್ತಿದವರು ಮಾವನೇ.

"ಛತ್ರ ಕೆಡವಿ ಕಾಂಪ್ಲೆಕ್ಸ್ ಕಟ್ತಾರಂತೆ. ಮೂಲೆ ಅಂಗಡಿ ನಮಗೇ ಅಂತ ಪುರಸಭೆ ಅಧ್ಯಕ್ಷರಿಗೆ ಹೇಳಿಟ್ಟು ಬಂದಿದೀನಿ" ಎಂದರು. ಮಗನಿಗೆ, ಅಂದರೆ ನನ್ನ ಗಂಡನಿಗೆ, ಕೊಬ್ಬರಿ ಮಂಡಿಯ ಜೊತೆಗೆ ಎಣ್ಣೆಯ ಅಂಗಡಿಯೊಂದನ್ನು ಹಾಕಿಕೊಡಬೇಕೆಂದು ಅವರಿಗೆ ಬಹಳ ದಿನದ ಆಸೆ.

ಈಗ ಹೇಳದಿದ್ದರೆ ಕಳ್ಳತನವಾಗುತ್ತದೆ ಎನಿಸಿತು. "ಮಾವ, ನಾನು ಛತ್ರ ಉಳಿಸಬೇಕು ಅನ್ನೋ ಸಂಘಕ್ಕೆ ಸೇರಿದೀನಿ" ಎಂದೆ.

ಸಾರು ಬಡಿಸುತ್ತಿದ್ದ ಅತ್ತೆಯ ಕೈ ನಿಂತಿತು. ನನ್ನ ಗಂಡ ತಟ್ಟೆ ನೋಡಿಕೊಂಡರು. ಮಾವ ಬಾಯಿಯಲ್ಲಿದ್ದ ತುತ್ತನ್ನು ಸಾವಕಾಶವಾಗಿ ನುಂಗಿದರು.

"ಉಳಿಸ್ಕಂಡು ಏನ್ ಮಾಡ್ತೀರಮ್ಮಾ?"

"ಆಸ್ಪತ್ರೆಗೆ ಬರೋ ಹಳ್ಳಿ ಜನಕ್ಕೆ ಇರೋಕೆ, ಅಡುಗೆ ಮಾಡ್ಕೊಳೋಕೆ ಜಾಗ ಆಗುತ್ತೆ."

"ಬೀಳೋ ಮನೆ ಕಣಮ್ಮ ಅದು. ಕಂಬ ಕುಸಿದೈತೆ, ತೊಲೆ ಬಾಗೈತೆ. ಒಳಗೆ ಹೋಗಿ ನೋಡಿದೀಯಾ?"

"ಇನ್ನೂ ಇಲ್ಲ. ರಜ ಶುರುವಾದ ಮೇಲೆ ಅಳತೆ ಮಾಡೋಕೆ ಹೋಗ್ತೀನಿ."

"ಮಾಡು. ಮಾಡಿ ನಂಗೂ ಹೇಳು" ಎಂದು ಮಾವ ಸಾರಿಗೆ ತಟ್ಟೆ ಮುಂದೆ ನೂಕಿದರು. "ಆದ್ರೆ ಅಂಗಡಿ ಮಾತ್ರ ನಾನು ಬುಡಕಿಲ್ಲ."

"ಛತ್ರ ನಾನೂ ಬಿಡಲ್ಲ ಮಾವ" ಎಂದೆ.

ಅಷ್ಟೇ. ಅತ್ತೆ ಸಾರು ಬಡಿಸಿದರು. ಒಳಕ್ಕೆ ಹೋದ ಮೇಲೆ ನನ್ನ ಗಂಡ, "ನಾನು ಯಾರ ಕಡೆ ಅಂತ ಕೇಳಬೇಡ" ಎಂದರು. ನಾನು ಕೇಳಲಿಲ್ಲ.

ಅಧ್ಯಕ್ಷರನ್ನು ಕಾಣಲು ಡಾಕ್ಟರಮ್ಮ, ಸಾಬರು, ನಾನು ಹೋದೆವು. ಅಧ್ಯಕ್ಷರೂ ಡಾಕ್ಟರಮ್ಮನ ಕೈಯಲ್ಲಿ ಹುಟ್ಟಿದವರೇ. ಎದ್ದು ನಿಂತು ಕುರ್ಚಿ ಕೊಟ್ಟರು. ಪಕ್ಕದಲ್ಲಿ ಪುರಸಭೆಯ ಎಂಜಿನಿಯರು ಇದ್ದರು. ಕೆಲಸಕ್ಕೆ ಸೇರಿ ಹೆಚ್ಚು ಕಾಲವಾಗಿರದ, ಮುಖದಲ್ಲಿ ಗಾಂಭೀರ್ಯ ತಂದುಕೊಂಡು ಮಾತಾಡುವ ಯುವಕ.

"ಬೀದಿ ಕಡೆಯ ಸಾಲಿನ ಕಂಬ ಕೆಳಗಿಳಿದಿದೆ ಮೇಡಂ" ಎಂದು ಅವರು ನೇರವಾಗಿ ಹೇಳಿದರು. "ಜನ ಒಳಗಿದ್ದಾಗ ಮಾಡು ಬಿದ್ದರೆ ಉತ್ತರ ಹೇಳಬೇಕಾದವನು ನಾನು. ಅದಕ್ಕೇ ಅಪಾಯ ಅಂತ ಹೇಳಿದ್ದೀನಿ."

"ಸರಿಯಾಗೇ ಹೇಳಿದೀಯ. ನಿನ್ನ ಜಾಗದಲ್ಲಿ ನಾನಿದ್ರೂ ಅದನ್ನೇ ಹೇಳ್ತಿದ್ದೆ" ಎಂದರು ಡಾಕ್ಟರಮ್ಮ. "ಆ ಕಂಬನ ನಾವು ನೆಟ್ಟಗೆ ಮಾಡಿಕೊಟ್ರೆ?"

"ಆಗ ಮತ್ತೆ ನೋಡ್ತೀನಿ."

"ನೋಡಿ ಏನಂತೀಯ?"

"ಗಟ್ಟಿ ಇದ್ರೆ ಗಟ್ಟಿ ಅಂತೀನಿ."

"ನನಗೆ ಅಷ್ಟೇ ಸಾಕಪ್ಪ."

ಅಧ್ಯಕ್ಷರು ನಡುವೆ ಬಾಯಿ ಹಾಕಿದರು. "ಮುಂಗಾರು ಹಿಡಿಯೋದ್ರೊಳಗೆ ಮಾಡ್ಕಳಿ ಡಾಕ್ಟ್ರಮ್ಮ. ಅಲ್ಲೀಗಂಟ ನಾನು ಮುಟ್ಟಕಿಲ್ಲ. ಆಮೇಲೆ ತಡಿಯಕ್ಕಾಗಲ್ಲ, ಅಂಗಡಿ ಕೇಳೋರು ದಿನಾ ಬಾಗ್ಲಿಗ್ ಬತ್ತಾವ್ರೆ." ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ನಿಮ್ಮ ಮಾವನೋರೂ ಅವ್ರಲ್ಲಿ ಒಬ್ರು ಕಣಮ್ಮ."

"ಗೊತ್ತು ಸಾರ್, ಅವರೇ ಹೇಳಿದಾರೆ" ಎಂದೆ.

ಬೇಸಿಗೆ ರಜ ಶುರುವಾದ ಕೂಡಲೇ ನಾನು ಅಳತೆಗೆ ಇಳಿದೆ. ಟೇಪಿನ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ಡಾಕ್ಟರಮ್ಮನ ಕೈಯಲ್ಲಿ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಏಣಿ ಹತ್ತಿ ತೊಲೆಗಳ ಅಗಲ, ಕಂಬಗಳ ಎತ್ತರ, ಅವುಗಳ ನಡುವಿನ ಅಂತರ ಎಲ್ಲವನ್ನೂ ಗುರುತು ಹಾಕಿಕೊಂಡೆ. ಬಾವಲಿಯ ಹಿಕ್ಕೆ, ಜೇಡರ ಬಲೆ, ಹಳೆಯ ಹೊಗೆಯ ವಾಸನೆ. ಬೆಳಗಿನ ಬಿಸಿಲು ತೊಟ್ಟಿಯೊಳಗೆ ಬಿದ್ದಾಗ ಕಂಬಗಳ ಮೇಲಿನ ಎಣ್ಣೆಗಪ್ಪು ಬಣ್ಣ ಮಿನುಗುತ್ತಿತ್ತು. ಎಷ್ಟು ಜನ ಒರಗಿ ಕೂತು ಅದಕ್ಕೆ ಆ ಹೊಳಪು ಬಂದಿತ್ತೋ.

ಮನೆಗೆ ಬಂದು ದೊಡ್ಡ ಹಾಳೆಯ ಮೇಲೆ ಅದನ್ನೆಲ್ಲ ಇಳಿಸುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹಿಂದಿನ ಸಾಲಿನ ಕಂಬಗಳೆಲ್ಲ ಗೇಣೆತ್ತರದ ಕೆತ್ತನೆಯ ಕಲ್ಲುಗಳ ಮೇಲೆ ನಿಂತಿದ್ದವು. ಬೀದಿ ಕಡೆಯ ಸಾಲಿನಲ್ಲಿ ಕಲ್ಲೇ ಇಲ್ಲ. ಮರದ ಕಂಬ ನೇರವಾಗಿ ನೆಲಕ್ಕೆ ನೆಟ್ಟ ಹಾಗಿತ್ತು. ಕಟ್ಟಿದವನು ಒಂದು ಸಾಲಿಗೆ ಕಲ್ಲಿಟ್ಟು ಇನ್ನೊಂದಕ್ಕೆ ಬಿಡುತ್ತಾನೆಯೇ? ಎರಡು ಸಾಲುಗಳನ್ನೂ ಅಕ್ಕಪಕ್ಕ ಬರೆದು ನೋಡಿದೆ. ನೆಲದಿಂದ ತೊಲೆಯವರೆಗೆ ಅಳೆದರೆ ಬೀದಿ ಕಡೆಯ ಸಾಲು ಹಿಂದಿನ ಸಾಲಿಗಿಂತ ಒಂದು ಕಲ್ಲಿನ ಎತ್ತರಕ್ಕೂ ಹೆಚ್ಚು ಗಿಡ್ಡವಾಗಿತ್ತು. ಕಾರಣ ಹೊಳೆಯಿತು. ಆ ಕಡೆಯ ನೆಲ ಸಿಮೆಂಟಿನದು. ಯಾವಾಗಲೋ ರಿಪೇರಿ ಮಾಡುವಾಗ ಹಳೆಯ ಗಾರೆ ನೆಲದ ಮೇಲೇ ಮಣ್ಣು ಸುರಿದು, ಸಿಮೆಂಟು ಬಳಿದು ನೆಲ ಎತ್ತರಿಸಿದ್ದರು. ಕಲ್ಲು ಅದರೊಳಗೆ ಹೂತುಹೋಗಿ, ಕಂಬದ ಬುಡವೂ ಸ್ವಲ್ಪ ಸಿಮೆಂಟಿನ ಒಳಗೆ ಸಿಕ್ಕಿಕೊಂಡಿರಬೇಕು. ಅಲ್ಲಿ ನಿಂತ ಪಸೆ ಹೊರಗೆ ಹೋಗಲು ದಾರಿ ಕಾಣದೆ ಮರಕ್ಕೇ ಇಳಿದಿತ್ತು.

ಮಾರನೆಯ ದಿನ ಹಾಳೆ ಸುತ್ತಿಕೊಂಡು ನೇರ ಗ್ಯಾರೇಜಿಗೆ ಹೋದೆ. ಸಾಬರು ಲಾರಿಯ ಕೆಳಗಿನಿಂದ ಹೊರಗೆ ಬಂದು, ಕೈ ಒರೆಸಿಕೊಂಡು ನೋಡಿದರು. "ಹಂಗಾದ್ರೆ ಒಡೆದು ನೋಡೇಬಿಡೋಣ" ಎಂದು ಹಾರೆ ಎತ್ತಿಕೊಂಡರು.

ಡಾಕ್ಟರಮ್ಮನನ್ನೂ ಕರೆದುಕೊಂಡು ಹೋಗಿ ಕುಸಿದ ಕಂಬದ ಸುತ್ತ ಸಿಮೆಂಟು ಒಡೆದೆವು. ಅದರ ಕೆಳಗೆ ಒದ್ದೆ ಮಣ್ಣು, ಗೆದ್ದಲಿನ ಗೂಡು. ಇನ್ನೂ ಕೆಳಗೆ, ತಾವರೆಯ ದಳ ಕೆತ್ತಿದ ಕಲ್ಲು, ನಿನ್ನೆ ಇಟ್ಟಷ್ಟು ಚೊಕ್ಕವಾಗಿ. ಅದರ ಮೇಲೆ ಕೂತಿದ್ದ ಮರ ಮಾತ್ರ ಬೆರಳಿಗೇ ಪುಡಿಯಾಗುತ್ತಿತ್ತು. ಸಾಬರು ಸುತ್ತಿಗೆಯಿಂದ ಕಂಬವನ್ನು ಬುಡದಿಂದ ಮೇಲಕ್ಕೆ ತಟ್ಟುತ್ತಾ ಹೋದರು. ಮೊಣಕಾಲಿನ ಎತ್ತರಕ್ಕೆ ಬರುವಷ್ಟರಲ್ಲಿ ಠಣ್ ಎನ್ನುವ ಗಟ್ಟಿ ಸದ್ದು ಬಂತು.

"ಕಾಯಿಲೆ ಕಾಲಿಗೆ ಮಾತ್ರ. ಎದೆ ಚೆನ್ನಾಗಿದೆ" ಎಂದರು ಡಾಕ್ಟರಮ್ಮ.

ಮೇಲಿನ ತೊಲೆಯನ್ನು ಎತ್ತಿ ಹಿಡಿದುಕೊಂಡು, ಕೊಳೆತ ಬುಡ ಕತ್ತರಿಸಿ, ಅಷ್ಟೇ ಎತ್ತರದ ಹೊಸ ಕಲ್ಲು ಕೂರಿಸಿ, ಕಂಬವನ್ನು ಅದರ ಮೇಲೆ ಇಳಿಸಬೇಕು. ಅಷ್ಟು ನಮಗೆಲ್ಲ ತಿಳಿಯಿತು. ಎತ್ತುವುದು ಹೇಗೆ ಎಂದರೆ ಸಾಬರು ನಕ್ಕರು. "ಕೊಬ್ಬರಿ ತುಂಬಿದ ಲಾರಿನ ಎತ್ತೋ ಜಾಕು ನಮ್ಮ ಹತ್ರ ಇದಾವೆ. ಲಾರಿ ಕೆಳಗೆ ಮಲಗೋನಿಗೆ ತೊಲೆ ಕೆಳಗೆ ನಿಲ್ಲೋಕೆ ಏನ್ ಫಿಕರು?" ಹಾಳೆಯನ್ನು ಎಂಜಿನಿಯರಿಗೂ ತೋರಿಸಿದೆವು. ಅವರು ಅದನ್ನು ಎರಡು ದಿನ ಇಟ್ಟುಕೊಂಡು, ತೊಲೆಗೆ ಆಸರೆಯಾಗಿ ನಿಲ್ಲಿಸುವ ಊರೆಗೋಲುಗಳನ್ನು ಎಲ್ಲೆಲ್ಲಿ ಕೊಡಬೇಕೆಂದು ಪೆನ್ಸಿಲಿನಲ್ಲಿ ಗುರುತು ಹಾಕಿ ವಾಪಸು ಕೊಟ್ಟರು. "ಇದು ನಾನು ಹೇಳಿದ್ದು ಅಂತ ಅಧ್ಯಕ್ಷರಿಗೆ ಗೊತ್ತಾದ್ರೂ ಪರವಾಗಿಲ್ಲ" ಎಂದರು. ಆ ಹೊತ್ತಿನಿಂದ ಅವರೂ ನಮ್ಮವರೇ.

ಮಾವ ಅಂದು ಹೇಳಿದ್ದಂತೆ ಅವತ್ತು ಸಂಜೆ ಹಾಳೆಯನ್ನು ಅವರ ಮುಂದೆ ಹರವಿದೆ. ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಅಟ್ಟದ ಮೇಲೆ ಏನೈತೆ?"

"ಪುರಸಭೆಯ ಹಳೇ ಸಾಮಾನು. ಸೀಮೆಎಣ್ಣೆ ದೀಪದ ಕಾಲದ ಕಬ್ಬಿಣದ ಕಂಬಗಳು, ಟಾರಿನ ಡಬ್ಬ, ಹಂಚು."

"ಅದಕ್ಕೇ ತೊಲೆ ಬಾಗಿರಾದು." ನಮ್ಮ ಮನೆಯ ಅಟ್ಟದ ಕಡೆ ಕೈ ತೋರಿಸಿದರು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲೆ ಹರಡಿಟ್ಟು, ಒಳಗೇ ಒಣಗಿಸಿ ಉಂಡೆ ಕೊಬ್ಬರಿ ಮಾಡುತ್ತಾರೆ. ಯಾವ ಅಟ್ಟ ಎಷ್ಟು ತಡೆಯುತ್ತದೆ ಎನ್ನುವುದು ಆ ಮನೆಗಳಲ್ಲಿ ಬೆಳೆದವರಿಗೆ ಗೊತ್ತಿರುವ ವಿಷಯ. "ನಮ್ಮ ಅಟ್ಟ ಕಾಯಿ ಹೊರಾಕೆ ಅಂತ ಕಟ್ಟಿರಾದು. ಅದು ಜನ ಗಂಟು ಮೂಟೆ ಇಟ್ಕಳಾಕೆ ಕಟ್ಟಿರಾದು. ಮೊದ್ಲು ಅದುನ್ನ ಖಾಲಿ ಮಾಡ್ಸಿ. ಹಂಗೇ ಎತ್ತಿದ್ರೆ ತೊಲೆ ಮುರ್ಕಂಡು ನಿಮ್ಮ ಮೇಲೇ ಬೀಳ್ತದೆ."

"ಇನ್ನೊಂದು ಕೇಳಬೇಕು ಮಾವ" ಎಂದೆ. "ಊರೆ ಕೊಡೋಕೆ ಗಟ್ಟಿ ಮರ ಬೇಕು. ಶೆಟ್ಟಿಕೆರೆ ದಾರಿಯ ನಮ್ಮ ತೋಟದಲ್ಲಿ ಸಿಡಿಲು ಬಡಿದ ತೆಂಗಿನ ಮರ ಇದಾವಲ್ಲ."

ಮಾವ ಕನ್ನಡಕ ತೆಗೆದರು. "ನನ್ನ ಅಂಗಡಿ ತಪ್ಸಾಕೆ ನನ್ನ ಮರನೇ ಬೇಕಾ ನಿಂಗೆ?"

ಅತ್ತೆ ಅಡುಗೆಮನೆಯಿಂದಲೇ ನಕ್ಕುಬಿಟ್ಟರು. ಮಾವ ನಗಲಿಲ್ಲ. ಹಾಳೆಯನ್ನು ಜೋಪಾನವಾಗಿ ಸುರುಳಿ ಸುತ್ತಿ ನನ್ನ ಕೈಗೆ ಕೊಟ್ಟರು. "ಬುಡದ ಕಡೆ ತುಂಡೇ ತಗಳಿ. ತುದಿ ಕಡೇದು ಮೆತ್ತಗಿರ್ತದೆ. ಅಂಗಡಿ ಮಾತು ಅಂಗಡಿ ಮಾತೇ. ಆದ್ರೆ ನನ್ನ ಸೊಸೆ ಕೆಳಗೆ ನಿಂತಿರ್ತಾಳೆ ಅಂದ್ಮೇಲೆ ಕಳಪೆ ಮರ ಕೊಡಾಕಾಯ್ತದಾ?"

ಅವರ ಎದುರಿಗೆ ತಲೆ ತಗ್ಗಿಸಿ ಹಾಳೆ ತೆಗೆದುಕೊಂಡು ಒಳಗೆ ಬಂದೆ. ನನ್ನ ಕಣ್ಣು ತುಂಬಿತ್ತು. ಆ ಮನೆಗೆ ಬಂದು ವರ್ಷಗಳಾಗಿದ್ದರೂ ನಾನು ಅಲ್ಲಿಯವಳೇ ಎಂದು ನನಗೆ ನಿಜವಾಗಿ ಅನ್ನಿಸಿದ್ದು ಅವತ್ತು.

ಮಂಡಿಗೆ ರಜ ಇದ್ದ ದಿನ ನನ್ನ ಗಂಡ ಹಮಾಲಿಗಳನ್ನು ಕರೆದುಕೊಂಡು ಬಂದು ಅಟ್ಟ ಖಾಲಿ ಮಾಡಿಸಿದರು. ಯಾರ ಕಡೆ ಎಂದು ನಾನು ಆಗಲೂ ಕೇಳಲಿಲ್ಲ. ಕಬ್ಬಿಣದ ದೀಪದ ಕಂಬಗಳನ್ನು ಕೆಳಗಿಳಿಸುತ್ತಾ ಹೋದಂತೆ ತೊಲೆ ತಾನಾಗಿಯೇ ಒಂದಿಷ್ಟು ಮೇಲಕ್ಕೆ ಬಂದದ್ದು ಬರಿಗಣ್ಣಿಗೇ ಕಾಣಿಸಿತು.

ಎತ್ತುವ ದಿನ ಬೆಳಿಗ್ಗೆ ಬೀದಿಯಲ್ಲಿ ಜನ ಸೇರಿದ್ದರು. ಛತ್ರ ಬೀಳುವುದನ್ನು ನೋಡಲು ಬಂದವರೇ ಹೆಚ್ಚು. ಸಾಬರು ಕೈಗಾಡಿಯಲ್ಲಿ ಜಾಕುಗಳನ್ನು ತಂದರು. ತೆಂಗಿನ ತುಂಡುಗಳನ್ನು ಜಾಕಿನ ಮೇಲೆ ನಿಲ್ಲಿಸಿ, ತೊಲೆಯ ಕೆಳಗೆ ಹಲಗೆ ಕೊಟ್ಟು ಬಿಗಿ ಮಾಡಿದೆವು. ಬಡಗಿ ಆಚಾರರು ಗರಗಸ ಹಿಡಿದು, ಕಲ್ಲುಕುಟಿಗರು ಹೊಸ ಕಲ್ಲು ಸಿದ್ಧಮಾಡಿಕೊಂಡು ತೊಟ್ಟಿಯಲ್ಲಿ ಕಾಯುತ್ತಿದ್ದರು. ಎಂಜಿನಿಯರು ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಲು ನಿಂತರು. ನಾನು ಹಾಳೆ ಹಿಡಿದು ತೊಟ್ಟಿಯ ಅಂಚಿನಲ್ಲಿದ್ದೆ.

ಸಾಬರು ಒಂದು ಜಾಕಿನ ಹಿಡಿ ಅದುಮಿದರು, ಅವರ ತಮ್ಮ ಇನ್ನೊಂದನ್ನು. ತೊಲೆ ನರಳಿತು. ಮೇಲಿನಿಂದ ಧೂಳು, ಮಣ್ಣು, ಒಣಗಿದ ಬಾವಲಿ ಹಿಕ್ಕೆ ಸುರಿಯಿತು. ತೊಲೆ ಏಳುತ್ತಿತ್ತು. ಅಷ್ಟರಲ್ಲಿ ಸಾಬರ ಜಾಕಿನ ಕೆಳಗೆ ಫಟ್ ಎಂದು ಸದ್ದಾಯಿತು. ಸಿಮೆಂಟು ಬಿರಿದು ಜಾಕು ಒಂದು ಪಕ್ಕಕ್ಕೆ ಇಳಿಯಿತು, ಊರೆಮರ ವಾಲಿತು. ಬಾಗಿಲಲ್ಲಿ ನಿಂತಿದ್ದವರು ಬೀದಿಗೆ ಓಡಿದರು. ಸಾಬರು ಓಡಲಿಲ್ಲ. ತಾವು ಹಿಡಿದ ಜಾಕಿನ ಹಿಡಿ ಬಿಡದೆ, ವಾಲಿದ ಮರಕ್ಕೆ ಭುಜ ಕೊಟ್ಟು ನಿಂತರು. ಡಾಕ್ಟರಮ್ಮ ಛತ್ರದ ಜಗಲಿಯ ಮೇಲಿನಿಂದ, "ಯಾಕ್ ಓಡ್ತೀರಿ, ಒಬ್ಬರು ಬಂದು ಅವರ ಪಕ್ಕ ಹಿಡ್ಕೊಳಿ" ಎಂದರು. ನನ್ನ ಗಂಡ, ಎಂಜಿನಿಯರು ಇಬ್ಬರೂ ಒಟ್ಟಿಗೇ ಹೋಗಿ ಮರ ಹಿಡಿದರು.

ನಾನು ಹಾಳೆ ನೋಡಿದೆ. ತೊಟ್ಟಿಯ ಮೂಲೆಯಲ್ಲಿ ನೀರು ಹೋಗುವ ಕಿಂಡಿ, ಬೀದಿಯ ಗೋಡೆಯಲ್ಲಿ ಅದು ಹೊರಬೀಳುವ ಕಿಂಡಿ, ಎರಡನ್ನೂ ಬರೆದಿದ್ದೆ. ಬೆರಳಿಟ್ಟು ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆದರೆ ಅದು ಸರಿಯಾಗಿ ಆ ಜಾಕಿನ ಕೆಳಗೆ ಹಾದುಹೋಗುತ್ತಿತ್ತು.

"ಇನ್ನು ಎತ್ತಬೇಡಿ" ಎಂದು ಕೂಗಿದೆ. "ಕೆಳಗೆ ಹಳೇ ಚರಂಡಿ ಇದೆ, ನೆಲ ಪೊಳ್ಳು. ಜಾಕಿಗೆ ಚರಂಡಿ ದಾಟಿ ಎರಡೂ ಕಡೆ ಗಟ್ಟಿ ನೆಲಕ್ಕೆ ಕೂರೋ ಉದ್ದನೇ ಹಲಗೆ ಬೇಕು."

"ಅಷ್ಟು ದಪ್ಪ ಹಲಗೆ ಎಲ್ಲಿಂದ ತರೋದು?" ಎಂದು ಎಂಜಿನಿಯರು ಕೇಳಿದರು.

ಬೀದಿಯ ಆ ಬದಿಯಿಂದ ಮಾವನ ದನಿ ಕೇಳಿತು. ಅವರು ಬಂದು ನಿಂತಿದ್ದದ್ದೇ ನನಗೆ ಗೊತ್ತಿರಲಿಲ್ಲ. "ಏನ್ರಲಾ ನೋಡ್ತಾ ನಿಂತಿದೀರಾ? ಮಂಡಿಲಿ ಲಾರಿಗೆ ಮೂಟೆ ಹತ್ಸೋ ಹಲಗೆ ಅದಾವಲ್ಲ, ತಗಂಬರ್ರೋ" ಎಂದು ಹಮಾಲಿಗಳಿಗೆ ಹೇಳುತ್ತಿದ್ದರು. ಹಮಾಲಿಗಳು ಓಡಿದರು. ಮಾವ ಪಂಚೆ ಎತ್ತಿ ಕಟ್ಟಿ, ಸಾಬರ ಪಕ್ಕಕ್ಕೆ ಬಂದು ಮರಕ್ಕೆ ಕೈ ಕೊಟ್ಟರು.

"ಭಾರ ಐತಾ ಸಾಬ್ರೇ?"

"ನೀವ್ ಬಂದ್ರಲ್ಲ ಯಜಮಾನ್ರೇ, ಕಡಿಮೆ ಆಯ್ತು" ಎಂದರು ಸಾಬರು.

ಹಲಗೆ ಬಂತು. ಪಕ್ಕದಲ್ಲಿ ಇನ್ನೊಂದು ಊರೆ ಕೊಟ್ಟು, ಜಾಕು ತೆಗೆದು, ಹಲಗೆ ಹಾಕಿ ಮತ್ತೆ ಕೂರಿಸಿದೆವು. ಈ ಸಲ ನೆಲ ಮಿಸುಕಲಿಲ್ಲ. ತೊಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟು ಏರುತ್ತಾ ಹೋಯಿತು. ಕೊನೆಗೆ ಎಂಜಿನಿಯರು ಪೈಪಿನ ನೀರು ನೋಡಿ, "ಸಾಕು, ಮಟ್ಟಕ್ಕೆ ಬಂತು" ಎಂದರು. ಆಚಾರರು ಕೊಳೆತ ಬುಡ ಕತ್ತರಿಸಿದರು. ಹಳೆಯ ತಾವರೆ ಕಲ್ಲಿನ ಮೇಲೆ ಹೊಸ ಕಲ್ಲು ಕೂತಿತು. ಜಾಕುಗಳನ್ನು ಇಳಿಸಿದಾಗ ಕಂಬ ಕಲ್ಲಿನ ಮೇಲೆ ಬಂದು ನಿಂತ ಸದ್ದು ಒಂದು ತುಂಬಿದ ಕೊಡವನ್ನು ಮೆಲ್ಲಗೆ ನೆಲಕ್ಕಿಟ್ಟಂತಿತ್ತು. ಸೇರಿದ್ದ ಜನ ಚಪ್ಪಾಳೆ ತಟ್ಟಲಿಲ್ಲ. ಒಬ್ಬೊಬ್ಬರಾಗಿ ಒಳಗೆ ಬಂದು ಕಂಬವನ್ನು ಮುಟ್ಟಿ ನೋಡಿ ಹೋದರು.

ಆಮೇಲಿನ ಕೆಲಸ ಸುಲಭದ್ದು ಎಂದಲ್ಲ, ಆದರೆ ಭಯದ್ದಲ್ಲ. ಆ ಸಾಲಿನ ಸಿಮೆಂಟನ್ನೆಲ್ಲ ಕಿತ್ತು, ಉಳಿದ ಕಂಬಗಳ ಬುಡ ಬಿಡಿಸಿ, ಸುಣ್ಣದ ಗಾರೆ ಹಾಕಿಸಿದೆವು. ಹಂಚು ಕೈಯಾಡಿಸಿ, ಒಡೆದದ್ದನ್ನು ಬದಲಿಸಿದೆವು. ಮೊದಲ ಮಳೆ ಬಿದ್ದ ದಿನ ಡಾಕ್ಟರಮ್ಮ, ಎಂಜಿನಿಯರು, ನಾನು ಪಡಸಾಲೆಯಲ್ಲಿ ನಿಂತು ಮೇಲೆ ನೋಡುತ್ತಿದ್ದೆವು. ಒಂದು ಕಡೆ ಮಾತ್ರ ಸೋರಿತು. ಎಂಜಿನಿಯರು ಕಂಬಗಳನ್ನು ಒಂದೊಂದಾಗಿ ನೋಡಿ ಬಂದು, "ಗಟ್ಟಿ ಇದೆ ಮೇಡಂ" ಎಂದರು. ಅಧ್ಯಕ್ಷರ ಎದುರಿಗೂ ಅದೇ ಮಾತನ್ನು ಹೇಳಿದರು.

ಆದರೂ ಅಂಗಡಿ ಕೇಳುವವರು ಸುಮ್ಮನಾಗಿರಲಿಲ್ಲ. ಅವರ ಮುಂದಾಳಾಗಿ ಅಧ್ಯಕ್ಷರ ಬಳಿ ಹೋದವರು ನಮ್ಮ ಮಾವನೇ. ಅಲ್ಲಿ ಅವರು ಆಡಿದ ಮಾತನ್ನು ಅಧ್ಯಕ್ಷರೇ ಆಮೇಲೆ ಡಾಕ್ಟರಮ್ಮನಿಗೆ ಹೇಳಿದರು. "ಗಟ್ಟಿ ಇರೋ ಮನೆ ಕೆಡವಿದ್ರೆ ಊರಿಗೆ ಒಳ್ಳೇದಲ್ಲ. ಸಂತೆ ಮೈದಾನದ ಪಕ್ಕ ಅಷ್ಟು ಜಾಗ ಬಿದ್ದೈತೆ, ಅಲ್ಲಿ ಕಾಂಪ್ಲೆಕ್ಸ್ ಕಟ್ಟಿ. ಮೂಲೆ ಅಂಗಡಿ ಮಾತ್ರ ನಂಗೇ."

ಹಾಗೇ ಆಯಿತು. ಎಂಬತ್ತರ ದಶಕದ ಮೊದಲಲ್ಲಿ ಕಾಂಪ್ಲೆಕ್ಸ್ ಸಂತೆ ಮೈದಾನದ ಪಕ್ಕದಲ್ಲಿ ಎದ್ದಿತು. ಮೂಲೆ ಅಂಗಡಿಯಲ್ಲಿ ನನ್ನ ಗಂಡ ಎಣ್ಣೆ ವ್ಯಾಪಾರ ಶುರು ಮಾಡಿದರು. ವ್ಯಾಪಾರ ಕಡಿಮೆಯಾದ ದಿನವೆಲ್ಲ ಮಾವ, "ಆಸ್ಪತ್ರೆ ಎದುರಿಗೆ ಇದ್ದಿದ್ರೆ ಹಿಂಗಾಗ್ತಿರಲಿಲ್ಲ" ಎಂದು ನನ್ನ ಕಡೆ ನೋಡಿ ಹೇಳುತ್ತಿದ್ದರು. ನಾನು ಅವರಿಗೆ ಎರಡನೇ ಲೋಟ ಕಾಫಿ ಕೊಡುತ್ತಿದ್ದೆ.

ಅದು ಆಮೇಲಿನ ಮಾತು. ಛತ್ರದ ಬಾಗಿಲನ್ನು ಆ ವರ್ಷವೇ ತೆರೆದೆವು, ತೆರೆದ ವಾರದಲ್ಲೇ ಅಲ್ಲಿಗೆ ಜನ ಬಂದರು. ಹೆರಿಗೆಗೆ ಬಂದ ಮಗಳ ಜೊತೆಯಲ್ಲಿದ್ದ, ಬೋರನಕಣಿವೆ ಕಡೆಯ ಹಳ್ಳಿಯ ಅಜ್ಜಿಯೊಬ್ಬರು ಪಡಸಾಲೆಯ ಕಂಬವೊಂದರ ಪಕ್ಕ ಗಂಟು ಬಿಚ್ಚಿ, ಹಿಂದಿನ ಅಡುಗೆಕೋಣೆಯಲ್ಲಿ ಒಲೆ ಹಚ್ಚಿದ್ದರು. ಶಾಲೆ ಮುಗಿಸಿ ನಾನು ಒಳಗೆ ಹೋದಾಗ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ನೀನೇನಾ ಇದುನ್ನ ನೋಡ್ಕಳೋಳು?"

"ನೋಡ್ಕೊಳೋರಲ್ಲಿ ಒಬ್ಬಳು ಅಜ್ಜಿ."

"ಬಚ್ಚಲಿಗೆ ನೀರೇ ಬರಕಿಲ್ಲ ಕಣವ್ವ. ಬೆಳಿಗ್ಗಿಂದ ಎದುರಿನ ಬೋರಿಂದ ಹೊರ್ತಾ ಇವ್ನಿ. ಇಷ್ಟು ದೊಡ್ಡ ಮನೆ ಇಟ್ಕಂಡು ಒಂದು ನಲ್ಲಿ ಹಾಕ್ಸಕ್ಕಾಗಲ್ವಾ ನಿಮ್ಗೆ? ಯಾರಿಗ್ ಹೇಳ್ಬೇಕು ಹೇಳು, ನಾನೇ ಹೋಗಿ ಹೇಳ್ತೀನಿ."

ಅವರು ಕೊಡ ಕೆಳಗಿಟ್ಟು, ಸೊಂಟದ ಮೇಲೆ ಕೈಯಿಟ್ಟು ಉತ್ತರಕ್ಕೆ ಕಾಯುತ್ತಿದ್ದರು. ಆ ಬೇಸಿಗೆಯ ಓಡಾಟದಲ್ಲಿ ಯಾರಿಂದಲೂ ಕೇಳದಷ್ಟು ಖುಷಿಯ ಮಾತು ಅದು. ಬೀಗ ಹಾಕಿದ ಮನೆಯ ಬಗ್ಗೆ ಯಾರೂ ನೀರಿಲ್ಲ ಎಂದು ದೂರುವುದಿಲ್ಲ.

"ನನ್ನ ಜೊತೆ ಬನ್ನಿ ಅಜ್ಜಿ" ಎಂದೆ. ಇಬ್ಬರೂ ಬಿಸಿಲಲ್ಲಿ ನಡೆದುಕೊಂಡು ಪುರಸಭೆಗೆ ಹೋದೆವು.